ಅಪ್ಪ ಒರಗಿದ್ದ ಗೋಡೆ

ಕಳೆದ ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯನ್ನು ನನ್ನ ಮುಂದಿಟ್ಟು ಹೆಂಡತಿ ಕೇಳಿದಳು: "ರೀ, ಆ ಬಿರುಕನ್ನ ಮೊದಲು ನೋಡಿದ್ದು ನೀವೇನಾ, ಇಲ್ಲಾ ಯಾರಾದ್ರೂ ಹೇಳಿದ್ಮೇಲೆ ನೋಡಿದ್ರಾ?"

ಇಷ್ಟು ವರ್ಷ ಸಂಸಾರ ಮಾಡಿದವಳು ಗಂಡನಿಗೆ ಕೇಳುವ ಪ್ರಶ್ನೆಯೇ ಇದು?

"ನಾನೇ ನೋಡಿದ್ದು."

"ಯಾವಾಗ?"

"ಮೊನ್ನೆ. ಅಲ್ಲ, ಅದಕ್ಕೂ ಮೊದಲು. ಜೆಸಿಬಿ ಬಂದ ದಿನ ಇರಬೇಕು."

"ಇರಬೇಕು ಅಂದ್ರೆ ಗೊತ್ತಿಲ್ಲ ಅಂತ. ತಿನ್ನಿ, ಆರೋಗುತ್ತೆ."

(ಅವತ್ತು ಮಾಡಿದ್ದು ಅವಲಕ್ಕಿ, ಉಪ್ಪಿಟ್ಟಲ್ಲ ಎನ್ನುತ್ತಾಳೆ ಶೈಲಾ. ಎರಡನ್ನೂ ಬರೆದಿದ್ದೇನೆ. ಯಾವುದನ್ನು ನಂಬುತ್ತೀರೋ ನಿಮಗೆ ಬಿಟ್ಟಿದ್ದು.)

ಈ ಅಂಕಣದ ಹಳೆಯ ಓದುಗರಿಗೆ ಶೈಲಾ ಗೊತ್ತು. ಸಿವಿಲ್ ಎಂಜಿನಿಯರ್. ರಾಜರಾಜೇಶ್ವರಿನಗರದ ಒಂದು ಸಣ್ಣ ಕಂಪನಿಯಲ್ಲಿ ಎಸ್ಟಿಮೇಟ್ ಮಾಡುವ ಕೆಲಸ. ಹೋದ ವರ್ಷ ಇದ್ದಕ್ಕಿದ್ದಂತೆ "ನಾನು ಮತ್ತೆ ಓದ್ತೀನಿ" ಅಂದಳು. ಏನು ಓದು? ಕನ್‌ಸ್ಟ್ರಕ್ಷನ್ ಲಾ. ಕಟ್ಟಡದ ಕಾನೂನು, ಕಟ್ಟಡದ ಜಗಳಗಳನ್ನು ಬಗೆಹರಿಸುವ ವಿದ್ಯೆ. ಅದರಲ್ಲಿ ಸ್ನಾತಕೋತ್ತರ ಪದವಿ. ಶನಿವಾರ ಕಾಲೇಜು, ವಾರದ ಸಂಜೆಗಳಲ್ಲಿ ಆನ್‌ಲೈನ್ ಕ್ಲಾಸು.

ಪಾಯಕ್ಕಿಂತ ಮೊದಲು ಜಗಳ ಮೇಲೇಳುವ ಊರು ನಮ್ಮದು. ಅದಕ್ಕೊಂದು ಡಿಗ್ರಿ ಇದ್ದರೆ ಆಶ್ಚರ್ಯವೇನೂ ಇಲ್ಲ. ನನಗೆ ಅನುಮಾನ ಬಂದಿದ್ದು ಅವಳ ಸಹಪಾಠಿಗಳ ಮೇಲೆ. ಕೆಲವರು ಎಳೆಯ ವಕೀಲರು. ಒಬ್ಬರು ನಿವೃತ್ತ ಸರ್ಕಾರಿ ಎಂಜಿನಿಯರ್. ಇನ್ನಿಬ್ಬರು ಕಂಟ್ರಾಕ್ಟರುಗಳು. ಆ ಇಬ್ಬರೂ ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡು, ಒಂದೇ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಾರಂತೆ. ಜಗಳ ಬಿಡಿಸುವುದನ್ನು ಕಲಿಯಲು ಬಂದವರೋ, ಗೆಲ್ಲುವುದನ್ನು ಕಲಿಯಲು ಬಂದವರೋ?

"ಅಗ್ರಿಮೆಂಟ್ ಅಂದ್ರೆ ಪ್ರೀತಿ ಇರುವಾಗಲೇ ಆಡಿ ಮುಗಿಸಬೇಕಾದ ಜಗಳ" ಅಂತ ಮೊದಲ ದಿನವೇ ಅವಳ ಮೇಷ್ಟ್ರು ಹೇಳಿದರಂತೆ. ಅವತ್ತಿನಿಂದ ನಮ್ಮ ಮನೆಯ ಹವೆ ಬದಲಾಯಿತು. ಬಾಗಿಲು ರಿಪೇರಿಯವನು "ನಾಳೆ ಬರ್ತೀನಿ ಮೇಡಂ" ಅಂದರೆ, "ನಾಳೆ ಅಂದ್ರೆ ಯಾವ ತಾರೀಖು?" ಎನ್ನುತ್ತಾಳೆ. ನೆಂಟರ ವಾಟ್ಸಪ್ ಗುಂಪಿನಲ್ಲಿ ಯಾರೋ "ನಿಮ್ಮ ಮನೆಯವರು ಗೃಹಪ್ರವೇಶಕ್ಕೆ ಬರಲೇ ಇಲ್ಲ" ಅಂತ ಹಾಕಿದರೆ, "ಆಹ್ವಾನ ಯಾವ ನಂಬರಿಗೆ ಕಳಿಸಿದ್ರಿ?" ಅಂತ ಉತ್ತರ. ಮಾತಿನ ಮೇಲೆ ಅವಳಿಗೆ ನಂಬಿಕೆಯೇ ಹೋಗಿದೆ. ನಾನೋ, ಮಾತು ಮಾರಿ ಬದುಕುವವನು.

ಇನ್ನು ಬಿರುಕಿನ ವಿಷಯ.

ನಮ್ಮದು ವಿಜಯನಗರ. ಹೊಸಹಳ್ಳಿ ಮೆಟ್ರೋ ಇಳಿದರೆ ನಡೆದು ಬರುವಷ್ಟು ದೂರ. ಅಪ್ಪ ಕಟ್ಟಿಸಿದ ಮನೆ, ಮೂವತ್ತು-ನಲವತ್ತರ ಸೈಟು. ಅದರಲ್ಲಿ ಅರ್ಧ ಅಣ್ಣನದು, ಅರ್ಧ ನನ್ನದು. ನಡುವೆ ಒಂದು ಗೋಡೆ. ಒಂಬತ್ತಿಂಚಿನದು, ಭದ್ರ. ಅದರ ಈಚೆ ನನ್ನ ಭಾಗದಲ್ಲಿ ಅಮ್ಮನ ಕೋಣೆ. ಗೋಡೆಗೆ ತಾಗಿಕೊಂಡೇ ಅಮ್ಮನ ಮಂಚ.

ಈ ಗೋಡೆಗೊಂದು ಕಥೆಯಿದೆ. ನಮ್ಮ ಸೋದರಮಾವ ಎಲ್ಲ ಸಮಾರಂಭಗಳಲ್ಲೂ ಹೇಳುತ್ತಿದ್ದ ಕಥೆ. "ನಮ್ಮ ಭಾವನೋರು ಏನ್ ದೂರದೃಷ್ಟಿ ಅಂತೀರಿ. ಇಬ್ರು ಗಂಡುಮಕ್ಕಳು ಅಂತ ಮನೆ ಕಟ್ಟಿಸುವಾಗ್ಲೇ ನಟ್ಟನಡುವೆ ಗೋಡೆ ಎಬ್ಬಿಸಿಬಿಟ್ರು. ಹುಡುಗರಿಗೆ ಭಾಗ ಮಾಡ್ಕೊಳ್ಳೋ ತಾಪತ್ರಯವೇ ಬರಲಿಲ್ಲ." ಕೇಳಿದವರು ತಲೆದೂಗುತ್ತಿದ್ದರು. ನಾವೂ ತಲೆದೂಗುತ್ತಿದ್ದೆವು.

ಅಣ್ಣ ಈಗ ತನ್ನ ಭಾಗ ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದಾನೆ. ಮಗಳ ಮದುವೆ ಗೊತ್ತಾಗಿದೆ. ಚಪ್ಪರ ಹೊಸ ಮನೆಯ ಮುಂದೆಯೇ ಹಾಕಬೇಕು ಅಂತ ಅವನ ಹಟ. ಅಲ್ಲಿಯವರೆಗೆ ಅತ್ತಿಗುಪ್ಪೆಯಲ್ಲಿ ಬಾಡಿಗೆ ಮನೆ. ಹಳೆಯದನ್ನು ಕೆಡವಿದ್ದಾಯಿತು. ಪಿಲ್ಲರ್ ಎಬ್ಬಿಸಲು ಗೋಡೆಯ ಪಕ್ಕದಲ್ಲೇ ಗುಂಡಿ ತೋಡಲು ಶುರು ಮಾಡಿದರು. ಅಮ್ಮನ ಕೋಣೆಯ ಗೋಡೆಯಲ್ಲಿ, ಮಂಚದ ತಲೆಯ ಹತ್ತಿರ, ಬಿರುಕು ಕಾಣಿಸಿತು.

ಅಮ್ಮ ಅದಕ್ಕೆ ವಿಭೂತಿ ಬಳಿದರು. ಮೂರು ಗೆರೆ, ಹಣೆಗೆ ಹಚ್ಚಿದ ಹಾಗೆ. ಮಾರನೆಯ ದಿನವೋ ಅದರ ಮಾರನೆಯ ದಿನವೋ ನೋಡಿದರೆ ವಿಭೂತಿಯೂ ನಟ್ಟನಡುವೆ ಬಿರಿದಿತ್ತು. ಶೈಲಾ ಟಾರ್ಚ್ ಹಿಡಿದು ನೋಡಿದಳು. "ಬಿರುಕು ಬೆಳೀತಾ ಇದೆ" ಅಂದಳು. ಅವಳ ದನಿಯಲ್ಲಿ ಭಯ ಎಷ್ಟಿತ್ತು, ಉತ್ಸಾಹ ಎಷ್ಟಿತ್ತು? ನನಗೆ ಈಗಲೂ ಅನುಮಾನ.

ಅಣ್ಣನಿಗೆ ಫೋನ್ ಮಾಡಿದೆ.

"ವಿಭೂತಿ ಒಣಗಿದ್ರೆ ಬಿರಿಯುತ್ತೆ ಕಣೋ. ಬಾ, ನನ್ನ ಹಣೆ ನೋಡು" ಅಂದ.

"ಗುಂಡಿ ತೋಡೋದು ನಿಲ್ಲಿಸು ಅಣ್ಣ. ಅಮ್ಮ ಮಲಗೋ ಜಾಗ ಅದು."

"ಅಮ್ಮ ನಿನ್ನೊಬ್ಬನ ತಾಯಿ ಅಲ್ಲ. ಅದು ಹಳೇ ಬಿರುಕು. ಯಾವತ್ತಿಂದಾನೋ ಇದೆ. ನಿನ್ನ ಹೆಂಡ್ತಿಗೆ ಪರೀಕ್ಷೆಗೆ ಪ್ರಾಜೆಕ್ಟ್ ಬೇಕು, ಅದಕ್ಕೆ ನನ್ನ ಸೈಟೇ ಸಿಕ್ತಾ?"

ನಿಜ ಹೇಳಲಾ? ಆ ಅನುಮಾನ ನನಗೂ ಇತ್ತು.

ಹೀಗೆ ಭಾನುವಾರದ ತನಿಖೆ ನಿಗದಿಯಾಯಿತು. ಎರಡೂ ಕಡೆಯವರು ಒಟ್ಟಿಗೆ ನಿಂತು ನೋಡುವುದು, ನೋಡಿ ಒಂದು ತೀರ್ಮಾನಕ್ಕೆ ಬರುವುದು. ಕೋರ್ಟಿಗೆ ಹೋಗುವ ಮುಂಚೆ ಮಾಡಬೇಕಾದ ಮೊದಲ ಕೆಲಸ ಇದೇ ಅಂತ ಶೈಲಾಳ ಪಾಠ. "ಕೋರ್ಟಾ?" ಅಂದೆ. "ಹೋಗಬಾರದು ಅಂತಲೇ ಇದು" ಅಂದಳು. ಪ್ರಶ್ನೆ ಒಂದೇ: ಬಿರುಕು ಹಳೆಯದೋ, ಹೊಸದೋ? ಹಳೆಯದಾದರೆ ಅಣ್ಣ ಅಗೆಯಬಹುದು. ಹೊಸದಾದರೆ ನಿಲ್ಲಿಸಬೇಕು.

ಅಣ್ಣ ಬಂದ. ಅತ್ತಿಗೆ ಬಂದರು. ಜೊತೆಗೆ ಅವರ ಕಂಟ್ರಾಕ್ಟರ್ ಲೋಕೇಶ್. ಬಿಳಿ ಶರ್ಟು, ಶೂಗೆ ಒಂದು ಚೂರೂ ಮಣ್ಣಿಲ್ಲ. ಕೆಲಸದ ಜಾಗದಲ್ಲಿ ಶೂ ಅಷ್ಟು ಸ್ವಚ್ಛ ಇರುವ ಕಂಟ್ರಾಕ್ಟರನ್ನು ನಂಬಬಹುದೇ? ಅಮ್ಮ ಮಂಚದ ಮೇಲೆ ಕೂತು ಎಲ್ಲರನ್ನೂ ಒಂದೊಂದು ಸಲ ನೋಡಿದರು.

ಲೋಕೇಶ್ ಬಿರುಕಿನ ಮೇಲೆ ಬೆರಳಾಡಿಸಿದ. "ಪ್ಲಾಸ್ಟರ್ ಕ್ರ್ಯಾಕ್ ಸಾರ್ ಇದು. ಪುಟ್ಟಿ ಹಾಕಿ ಪೇಂಟ್ ಹೊಡೆದ್ರೆ ಹುಡುಕಿದ್ರೂ ಸಿಗಲ್ಲ."

"ಊದುಬತ್ತಿ ಕಡ್ಡಿ ಒಳಗೆ ಹೋಗಿ ನಿಲ್ಲುತ್ತೆ ಅದರಲ್ಲಿ" ಅಂದಳು ಶೈಲಾ.

"ಹಳೇ ಮನೆ ಅಲ್ವಾ ಮೇಡಂ. ಆದ್ರೆ ಕೆಳಗೆ ಸೈಜುಗಲ್ಲಿನ ಪಾಯ ಇರುತ್ತೆ. ಆಗಿನ ಕಾಲದೋರು ಎಲ್ಲಾ ಗಟ್ಟಿಯಾಗೇ ಮಾಡಿರೋರು. ಜೆಸಿಬಿ ಏನು, ಆನೆ ಬಂದು ಒದ್ರೂ ಅಲ್ಲಾಡಲ್ಲ."

"ನೋಡಿದೀರಾ ಪಾಯನ?"

"ನೋಡೋದೇನು ಮೇಡಂ, ಇದ್ದೇ ಇರುತ್ತೆ."

ಆಗ ಅಣ್ಣ ಗೋಡೆಗೆ ಕೈಯಿಟ್ಟ. ಅವನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ಲೋ, ಸತ್ಯ ಹೇಳು. ನೆನಪಿಲ್ವಾ ನಿನಗೆ? ಅಪ್ಪ ಇಲ್ಲೇ ಒರಗಿ ನಿಲ್ಲೋರು. ಒಂದು ಕಾಲು ಮಡಚಿ ಗೋಡೆಗೆ ಕೊಟ್ಟು. ಆಫೀಸಿಂದ ಬಂದು, ಕಾಫಿ ಲೋಟ ಹಿಡ್ಕೊಂಡು."

ನೆನಪಿತ್ತು. ಕಣ್ಣಿಗೆ ಕಟ್ಟಿದಂತೆ ನೆನಪಿತ್ತು.

"ನಾವಿಬ್ರೂ ಕೆಳಗೆ ಕೂತು ಚೌಕಾಬಾರ ಆಡ್ತಿದ್ವಿ" ಅಂದೆ.

"ಹೂಂ. ನೀನು ಮೋಸ ಮಾಡ್ತಿದ್ದೆ."

"ನೀನು."

"ಆಯ್ತು, ನಾನೇ. ಅವತ್ತು ಅಪ್ಪ ಬೆನ್ನಿಗೆ ಸುಣ್ಣ ಹತ್ತಿದ್ದು ನೋಡಿ, ತಿರುಗಿ ಈ ಬಿರುಕಿನ ಮೇಲೆ ಬೆರಳಿಟ್ಟು ಏನೋ ಹೇಳಿದ್ರಲ್ಲ?"

"ಮನೆಗೂ ವಯಸ್ಸಾಯ್ತು ಅಂದ್ರು."

"ಅದೇ, ಅದೇ ಮಾತು" ಅಂದ ಅಣ್ಣ. ಅವನ ಕಣ್ಣು ಒದ್ದೆಯಾಗಿತ್ತು. ನನ್ನದೂ.

ಕೆಡವಲು ಶುರು ಮಾಡಿದಾಗಿನಿಂದ ನಾವಿಬ್ಬರೂ ನೆಟ್ಟಗೆ ಮಾತಾಡಿರಲಿಲ್ಲ. ಈಗ ಒಬ್ಬ ಅರ್ಧ ಹೇಳಿದ್ದನ್ನು ಇನ್ನೊಬ್ಬ ಪೂರ್ತಿ ಮಾಡುತ್ತಿದ್ದ. ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು. ಇನ್ನೇನು ಬೇಕು? ಇಬ್ಬರು ಸಾಕ್ಷಿಗಳು, ಒಂದೇ ಹೇಳಿಕೆ. ಬಿರುಕು ಅಪ್ಪನ ಕಾಲದ್ದು.

"ಸರಿ ಅಣ್ಣ, ಹಳೇದೇ ಇರಬೇಕು. ನೀನು ಕೆಲಸ ಮುಂದುವರಿಸು" ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಲೋಕೇಶ್ ಆಗಲೇ ಫೋನ್ ತೆಗೆದು, ಜೆಸಿಬಿಯವನಿಗೆ ಇರಬೇಕು, "ಊಟ ಮುಗಿಸಿ ಬಂದುಬಿಡು ಗುರು" ಎನ್ನುತ್ತಿದ್ದ.

"ಭಾವ, ಒಂದೇ ಪ್ರಶ್ನೆ" ಅಂದಳು ಶೈಲಾ. "ನೀವು ಚೌಕಾಬಾರ ಆಡ್ತಾ ಕೂತಿದ್ರಲ್ಲ, ಅತ್ತೆ ಎಲ್ಲಿದ್ರು?"

"ಅಡುಗೆಮನೇಲಿ. ಒಲೆ ಮುಂದೆ. ಕೂತಲ್ಲಿಂದಲೇ ಕಾಣೋದು. ಕಾಫಿ ತಂದುಕೊಟ್ಟೋರು ಇವರೇ ಅಲ್ವಾ."

"ಮಾವ ಆಫೀಸಿಂದ ಬಂದಿದ್ದು ನೀವು ನೋಡಿದ್ರಾ?"

"ನೋಡ್ದೆ ಏನಮ್ಮ? ಬಾಗಿಲಿಗೆ ಮುಖ ಮಾಡೇ ಕೂತಿರ್ತಿದ್ದೆ ನಾನು. ಗೇಟ್ ಸದ್ದಾದ್ರೆ ಕವಡೆ ಬಚ್ಚಿಡಬೇಕಿತ್ತಲ್ಲ."

ನಿಮಗೆ ಮನೆಯ ನಕ್ಷೆ ಹೇಳಿಬಿಡುತ್ತೇನೆ. ಅಪ್ಪನ ಕಾಲದ ಅಡುಗೆಮನೆ ನನ್ನ ಭಾಗದಲ್ಲಿದೆ. ಅಪ್ಪನ ಕಾಲದ ಮುಂಬಾಗಿಲು ಇದ್ದಿದ್ದು ಅಣ್ಣನ ಭಾಗದಲ್ಲಿ.

"ಕೂತ ಜಾಗದಿಂದ ಒಲೆನೂ ಕಾಣ್ತಿತ್ತು, ಬಾಗಿಲೂ ಕಾಣ್ತಿತ್ತು" ಅಂದಳು ಶೈಲಾ. "ಹಾಗಾದ್ರೆ ನಡುವೆ ಈ ಗೋಡೆ ಎಲ್ಲಿತ್ತು ಭಾವ?"

ಅಣ್ಣ ನನ್ನ ಕಡೆ ನೋಡಿದ. ನಾನು ಲೋಕೇಶನ ಶೂ ನೋಡಿದೆ.

"ಇರಲಿಲ್ಲ ಕಣಮ್ಮ" ಅಂದರು ಅಮ್ಮ, ಮಂಚದ ಮೇಲಿಂದ. "ಅದು ಪೂರ್ತಿ ಒಂದೇ ಹಾಲ್ ಆಗಿತ್ತು. ಅವರು ಹೋದ ಮೇಲೆ ಕಟ್ಟಿದ್ದು ಗೋಡೆ. ಇವರಿಬ್ರೂ ಆಗ ಮಾತು ಬಿಟ್ಟಿದ್ರಲ್ಲ. ದಪ್ಪಗೆ ಕಟ್ಟಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬಾರದು ಅಂದ್ರು. ಇಬ್ರೂ ಅಂದ್ರು."

ಇದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಟ್ಟಿಗೆ ಇಳಿಸಿದ್ದೂ ಗೊತ್ತು, ನೀರು ಹಾಕಿದ್ದೂ ಗೊತ್ತು. ಅಪ್ಪ ಆ ಗೋಡೆಗೆ ಒರಗಿದ್ದೂ ಗೊತ್ತು. ಎರಡು ನೆನಪುಗಳೂ ಇಷ್ಟು ವರ್ಷ ಒಂದೇ ತಲೆಯಲ್ಲಿ ಇದ್ದವು, ನಡುವೆ ಒಂಬತ್ತಿಂಚಿನ ಗೋಡೆ ಕಟ್ಟಿಕೊಂಡು. ಸೋದರಮಾವನ ಕಥೆಗೆ ತಲೆದೂಗಿ ತಲೆದೂಗಿ, ನಾವು ಕಟ್ಟಿದ ಗೋಡೆಯನ್ನು ಅಪ್ಪನ ಲೆಕ್ಕಕ್ಕೆ ಬರೆದಿದ್ದೆವು. ಆಮೇಲೆ ಅದಕ್ಕೆ ಅಪ್ಪನನ್ನೇ ಒರಗಿಸಿ ನಿಲ್ಲಿಸಿದ್ದೆವು, ಕೈಗೆ ಕಾಫಿ ಕೊಟ್ಟು.

"ಅಮ್ಮ, ನೀನಾದ್ರೂ ಮೊದಲೇ ಹೇಳಬಾರದಾ?" ಅಂದ ಅಣ್ಣ.

"ಯಾವ ಕಾಲ ಆಗಿತ್ತೋ ನೀವಿಬ್ರೂ ಒಂದೇ ಮಾತಿಗೆ ಹೂಂ ಅಂದು. ನಾನ್ಯಾಕೆ ಅಲ್ಲ ಅನ್ನಲಿ?"

"ಅತ್ತೆ, ಆ ಗೋಡೆ ಪಕ್ಕ ಮಲಗೋದು ನೀವು" ಅಂದಳು ಶೈಲಾ.

"ಗೊತ್ತು ಕಣಮ್ಮ. ಅದಕ್ಕೇ ಅದರ ಕಡೆ ಬೆನ್ನು ಹಾಕಿ ಮಲಗ್ತೀನಿ."

ಇಲ್ಲಿಗೆ ಮುಗಿದಿದ್ದರೆ ಇದು ನೆನಪುಗಳ ಬಗ್ಗೆ ಒಂದು ಚೆಂದದ ಬರಹವಾಗುತ್ತಿತ್ತು. ಚೆಂದದ ಬರಹಗಳ ಮೇಲೂ ನನಗೆ ಈಗ ಅನುಮಾನ. ಶೈಲಾ ಆಗಲೇ ಹೊರಗೆ ಹೋಗಿದ್ದಳು. ಅಮ್ಮನನ್ನು ಬಿಟ್ಟು ಎಲ್ಲರೂ ಅವಳ ಹಿಂದೆ ಓಡಿದೆವು. ಅಣ್ಣನ ಸೈಟಿನಲ್ಲಿ, ಗೋಡೆಯ ಬುಡಕ್ಕೆ ಉದ್ದಕ್ಕೂ ಮಣ್ಣು ಒಟ್ಟಿದ್ದರು. ಅವಳು ಅಲ್ಲಿದ್ದ ಸನಿಕೆ ತೆಗೆದುಕೊಂಡು ಒಂದು ಕಡೆ ಮಣ್ಣು ಸರಿಸತೊಡಗಿದಳು.

"ಮೇಡಂ, ಬಿಡಿ, ನಮ್ಮ ಹುಡುಗರು ಮಾಡ್ತಾರೆ" ಅಂದ ಲೋಕೇಶ್.

"ನಿಮ್ಮ ಹುಡುಗರು ಮಾಡಿರೋದನ್ನೇ ನೋಡ್ತಾ ಇದೀನಿ."

ಮಣ್ಣು ಸರಿಯಿತು. ಕೊನೆಯ ಇಟ್ಟಿಗೆಯ ಸಾಲು ಕಂಡಿತು. ಅದರ ಕೆಳಗೆ ಸೈಜುಗಲ್ಲಿಲ್ಲ. ಕಲ್ಲೇ ಇಲ್ಲ. ಒಂದು ತೆಳ್ಳನೆಯ ಕೆಂಪು ಪಟ್ಟಿ. ನಮ್ಮ ಹಾಲ್‌ನ ಹಳೆಯ ರೆಡ್ ಆಕ್ಸೈಡ್ ನೆಲ. ಅಪ್ಪ ಮಾಡಿಸಿದ ನೆಲ, ನಾವು ಚೌಕಾಬಾರ ಆಡಿದ ನೆಲ. ಅದರ ಕೆಳಗೆ ಬರೀ ತುಂಬಿದ ಮಣ್ಣು. ಪಾಯವೇ ತೆಗೆಯದೆ, ಇದ್ದ ನೆಲದ ಮೇಲೆ ಹಾಗೇ ಗೋಡೆ ಎಬ್ಬಿಸಿದ್ದರು. ಮಾತು ಕೇಳಿಸಬಾರದು ಅಂತ ದಪ್ಪ ಮಾಡಿಸಿದ್ದೆವು. ಅದು ನಿಲ್ಲುವುದು ಯಾವುದರ ಮೇಲೆ ಅಂತ ಇಬ್ಬರೂ ಕೇಳಿರಲಿಲ್ಲ. ಅವಸರ ಇತ್ತು. ನೆಲದ ಕೆಳಗಿನ ಆ ಮಣ್ಣನ್ನೇ ಈಗ ಪಕ್ಕದಿಂದ ಬಗೆಯುತ್ತಿದ್ದರು. ಅಣ್ಣನ ಅರ್ಧ ಕೆಡವಿ ಮನೆ ಕತ್ತರಿಸಿದ ಮೇಲೆ ನಮ್ಮ ತಾರಸಿಯ ಅಂಚೂ ಇದೇ ಗೋಡೆಯ ಮೇಲೆ ಕೂತಿತ್ತು.

ಶೈಲಾಳ ಮುಖದಲ್ಲಿದ್ದ ಉತ್ಸಾಹ ಆರಿಹೋಗಿತ್ತು. "ನನಗೂ ಗೋಡೆ ಮನೆ ಜೊತೆಗೇ ಕಟ್ಟಿದ್ದು ಅಂತಲೇ ಹೇಳಿದ್ರಿ. ನಂಬಿ ಸುಮ್ಮನಿದ್ದೆ" ಅಂದಳು, ಸಣ್ಣ ದನಿಯಲ್ಲಿ. ಆಮೇಲೆ ತಿರುಗಿ, "ಅತ್ತೇನ ಮೊದಲು ಮುಂದಿನ ರೂಮಿಗೆ ಕರ್ಕೊಂಡು ಹೋಗಿ. ಮಂಚ ಆಮೇಲೆ ತಂದ್ರಾಯ್ತು."

ಅಣ್ಣನೇ ಓಡಿದ. ಅಮ್ಮನ ಕೈ ಹಿಡಿದು ಕರೆದುಕೊಂಡು ಬಂದ. ಅಮ್ಮ ವಿಭೂತಿ ಗಟ್ಟಿ ಬಿಟ್ಟುಬಂದೆ ಅಂತ ಮತ್ತೆ ಒಳಗೆ ಹೊರಟಿದ್ದರು, ಅಣ್ಣ ಬಿಡಲಿಲ್ಲ.

ಲೋಕೇಶ್ ಗೋಡೆಯ ಬುಡವನ್ನೇ ನೋಡುತ್ತಾ ನಿಂತಿದ್ದ. "ನಾವೂ ನೋಡಿರ್ಲಿಲ್ಲ ಸಾರ್. ಮಣ್ಣು ಮುಚ್ಚಿತ್ತು."

"ಮಣ್ಣು ತಾನಾಗೇ ಬಂದು ಕೂತಿತ್ತೇನಪ್ಪ?" ಅಂದರು ಅತ್ತಿಗೆ.

ಅವನಿಗೆ ಗೊತ್ತಿತ್ತೋ ಇಲ್ಲವೋ ನಮಗೆ ಇನ್ನೂ ಗೊತ್ತಿಲ್ಲ. ನಾವು ಹೇಳಿದ ಕಥೆಯನ್ನೇ ಅವನೂ ನಂಬಿದ್ದಿರಬಹುದು. ಅಣ್ಣನ ಮೊದಲ ಭೇಟಿಯಲ್ಲಿ "ನಮ್ಮಪ್ಪನ ಕಾಲದ ಗೋಡೆ, ಭದ್ರ ಇದೆ" ಅಂತ ಅವನಿಗೆ ಹೇಳಿದ್ದು ಯಾರು? ಅಣ್ಣ. ಪಕ್ಕದಲ್ಲಿ ನಿಂತು ಹೂಂಗುಟ್ಟಿದ್ದು? ಬೇಡ ಬಿಡಿ.

ಈಗ ಕೆಲಸ ನಿಂತಿದೆ. ಗುಂಡಿ ಮುಚ್ಚಿಸಿ, ತಾರಸಿಗೆ ನಮ್ಮ ಭಾಗದಲ್ಲಿ ಕಬ್ಬಿಣದ ಜಾಕಿಗಳ ಆಸರೆ ಕೊಟ್ಟಿದ್ದಾರೆ. ಅಮ್ಮನ ಖಾಲಿ ಕೋಣೆ ಕಂಬಗಳ ಮಂಟಪದಂತಿದೆ. ಗೋಡೆಯನ್ನು ಬಿಚ್ಚಿ, ಪಾಯ ತೆಗೆದು, ಇಬ್ಬರೂ ತಮ್ಮ ತಮ್ಮ ಕಡೆ ಬೇರೆ ಗೋಡೆ ಕಟ್ಟಿಕೊಳ್ಳುವುದು ಅಂತ ಮಾತಾಗಿದೆ. ಮದುವೆಯ ಚಪ್ಪರ ನಮ್ಮ ಮನೆಯ ಮುಂದೆ. ಇದನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳೋಣ ಅಂದಳು ಶೈಲಾ.

"ಅಣ್ಣತಮ್ಮಂದಿರು ಬರೆದುಕೊಳ್ಳೋದಾ? ಜನ ಏನಂತಾರೆ?" ಅಂದ ಅಣ್ಣ.

"ಬರೆದುಕೊಳ್ಳೋಣ ರೀ" ಅಂದರು ಅತ್ತಿಗೆ. "ಬಾಯಲ್ಲಿ ಹೇಳ್ಕೊಂಡು ಬಂದಿದ್ದಕ್ಕೇ ಇಷ್ಟಾಯ್ತು."

ಸಂಜೆ ಕಾಫಿ ಕುಡಿಯುವಾಗ ಶೈಲಾಳನ್ನು ಕೇಳಿದೆ. "ಗೋಡೆ ಆಮೇಲೆ ಕಟ್ಟಿದ್ದು ಅಂತ ನಿನಗೆ ಮೊದಲೇ ಅನುಮಾನ ಇತ್ತಾ?"

"ಇಲ್ಲ. ಸುಮ್ಮನೆ ಕೇಳಿದೆ. ಇಬ್ಬರು ಸಾಕ್ಷಿಗಳು ಒಂದಕ್ಷರ ತಪ್ಪಿಲ್ಲದೆ ಒಂದೇ ಥರ ಹೇಳಿದ್ರೆ ಅಲ್ಲೇ ನಿಲ್ಲಬೇಕು ಅಂತ ಕಲಿಸಿದ್ದಾರೆ." ಲೋಟ ಕೆಳಗಿಟ್ಟಳು. "ಅದಿರಲಿ. ಆ ಗೋಡೆ ಕಥೆ ನಾನು ಮೊದಲು ಕೇಳಿದ್ದು ಯಾವತ್ತು ಗೊತ್ತಾ? ನೀವು ನನ್ನ ನೋಡೋಕೆ ಬಂದ ದಿನ. ನಿಮ್ಮ ಸೋದರಮಾವ ನಮ್ಮಪ್ಪನಿಗೆ ಹೇಳಿದ್ರು. ಅಣ್ಣತಮ್ಮಂದಿರ ಜಗಳ ಇಲ್ಲದ ಮನೆ ಅಂತಲೇ ನಮ್ಮಪ್ಪ ಒಪ್ಪಿದ್ದು. ನಾನೂ."

"ಅದಕ್ಕೆ?"

"ಸುಳ್ಳು ವಿವರ ನಂಬಿ ಒಪ್ಪಂದಕ್ಕೆ ಸೈನ್ ಮಾಡಿದವರು ಅದನ್ನ ರದ್ದು ಮಾಡಬಹುದು. ಮೊದಲ ಸೆಮಿಸ್ಟರ್ ಪಾಠ."

"ಇಷ್ಟು ವರ್ಷ ಆದ್ಮೇಲಾ?"

"ಗೊತ್ತಾದ ದಿನದಿಂದ ಲೆಕ್ಕ ರೀ."

ನಕ್ಕಳು. ನಕ್ಕಳು ಅಂತ ನನ್ನ ನೆನಪು.

ಅಂದಿನಿಂದ ನಾನು ನನ್ನ ನೆನಪುಗಳ ಬುಡದ ಮಣ್ಣು ಸರಿಸಿ ನೋಡುತ್ತಿದ್ದೇನೆ. ಬಹಳಷ್ಟಕ್ಕೆ ಪಾಯವಿಲ್ಲ. ಹೆಚ್ಚು ಹೊಳೆಯುವವು ಹೆಚ್ಚು ಅನುಮಾನಾಸ್ಪದ. ಆದರೆ ಒಂದು ಮಾತ್ರ ಅಲ್ಲಾಡುತ್ತಿಲ್ಲ. ಜಾಕಿಗಳ ನಡುವೆ ಆ ಕೋಣೆಗೆ ಹೋದಾಗಲೆಲ್ಲ ಅಪ್ಪ ಈಗಲೂ ಕಾಣುತ್ತಾರೆ, ಒಂದು ಕಾಲು ಹಿಂದಕ್ಕೆ ಮಡಚಿ, ಕಾಫಿ ಲೋಟ ಹಿಡಿದು, ಬೆನ್ನಿಗೆ ಸುಣ್ಣ ಹತ್ತಿಸಿಕೊಂಡು. ಅಣ್ಣನಿಗೂ ಕಾಣುತ್ತಾರಂತೆ, ಕೇಳಿದೆ.

ಗೋಡೆಯೇ ಇರಲಿಲ್ಲ ಅಂದಮೇಲೆ, ಅಪ್ಪ ಒರಗಿದ್ದು ಯಾವುದಕ್ಕೆ?